ಮೊದಲ ಎರಡು ನಿಮಿಷ ರೋಗಿಗೆ ಬಿಡಿ

ಸಂಪಾದಕರಿಗೆ,

ಮಾನ್ಯರೇ,

ಸರ್ಕಾರಿ ಆಸ್ಪತ್ರೆಗಳ ಬಗ್ಗೆ ಓದುಗರು ಬರೆಯುವ ದೂರುಗಳಲ್ಲಿ ಔಷಧಿ ಇಲ್ಲ, ಹಾಸಿಗೆ ಇಲ್ಲ, ಸ್ಕ್ಯಾನಿಂಗ್ ಯಂತ್ರ ಕೆಟ್ಟು ನಿಂತಿದೆ ಎಂಬ ಮಾತುಗಳು ಇದ್ದೇ ಇರುತ್ತವೆ. ಅವುಗಳ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: ‘ಡಾಕ್ಟರು ತಲೆ ಎತ್ತಿ ನೋಡಲೇ ಇಲ್ಲ, ಹೇಳೋದನ್ನ ಪೂರ್ತಿ ಕೇಳಲೂ ಇಲ್ಲ, ಚೀಟಿ ಬರೆದು ಕೊಟ್ಟರು.’ ಜನ ಇದನ್ನು ನಡವಳಿಕೆಯ ದೂರಾಗಿ ಬರೆಯುತ್ತಾರೆ, ಓದುವ ಅಧಿಕಾರಿಗಳೂ ಹಾಗೆಯೇ ಓದುತ್ತಾರೆ. ಒಪಿಡಿಯಲ್ಲಿ ಕೆಲಸ ಮಾಡುವ ನಮಗೆ ಇದು ಚಿಕಿತ್ಸೆಯ ದೂರಾಗಿಯೇ ಕಾಣುತ್ತದೆ. ಮಾತು ಅರ್ಧಕ್ಕೆ ನಿಂತರೆ ರೋಗ ಕೈತಪ್ಪುತ್ತದೆ, ಬೇಡದ ಪರೀಕ್ಷೆಗಳಿಗೆ ದುಡ್ಡು ಸುರಿಯುತ್ತದೆ, ಬರೆದುಕೊಟ್ಟ ಮಾತ್ರೆ ಮನೆಯ ಗೂಡಿನಲ್ಲೇ ಉಳಿಯುತ್ತದೆ. ಚೆನ್ನಾಗಿ ಕೇಳಿಸಿಕೊಳ್ಳುವುದರ ಲಾಭ ಏನು, ಅದನ್ನು ಮಾಡುವ ಬಗೆ ಹೇಗೆ, ಎಲ್ಲಿ ಎಡವುತ್ತೇವೆ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯಲು ಅವಕಾಶ ಕೋರುತ್ತೇವೆ.

1975 ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟವಾಗಿತ್ತು. ಹೊರರೋಗಿ ವಿಭಾಗಕ್ಕೆ ಹೊಸದಾಗಿ ಬಂದ 80 ಮಂದಿಯಲ್ಲಿ ಯಾವ ಹಂತದಲ್ಲಿ ರೋಗ ಗೊತ್ತಾಯಿತು ಎಂದು ಅದರಲ್ಲಿ ನೋಡಿದ್ದರು. ಕಳುಹಿಸಿದ ವೈದ್ಯರ ಪತ್ರ ಓದಿ, ರೋಗಿ ಹೇಳಿದ್ದನ್ನು ಕೇಳುವಷ್ಟರಲ್ಲೇ 66 ಮಂದಿಯ ರೋಗ ತಿಳಿದಿತ್ತು. ಕೊನೆಗೆ ಖಚಿತವಾದದ್ದೂ ಅದೇ. ಮೈಮುಟ್ಟಿ ಪರೀಕ್ಷಿಸಿದ ಮೇಲೆ ತೀರ್ಮಾನ ಬದಲಾದದ್ದು 7 ಮಂದಿಯಲ್ಲಿ, ಲ್ಯಾಬ್ ಪರೀಕ್ಷೆಯಿಂದ ಬದಲಾದದ್ದು ಮತ್ತೆ 7 ಮಂದಿಯಲ್ಲಿ. ಆ ಕಾಲಕ್ಕೆ ಇಂದಿನಂಥ ಸ್ಕ್ಯಾನಿಂಗ್ ಇರಲಿಲ್ಲ ಎನ್ನಬಹುದು. ಇಂದಿಗೂ ಯಾವ ಸ್ಕ್ಯಾನಿಂಗ್ ಮಾಡಿಸಬೇಕು, ದೇಹದ ಯಾವ ಭಾಗದ್ದು, ಇವತ್ತೇ ಬೇಕೋ ಮುಂದಿನ ವಾರ ಸಾಕೋ ಎಂಬುದೆಲ್ಲ ತೀರ್ಮಾನವಾಗುವುದು ರೋಗಿಯ ಮಾತಿನ ಮೇಲೆಯೇ.

ಆದರೆ ಆ ಮಾತು ಮುಗಿಯುವವರೆಗೆ ನಾವು ಸುಮ್ಮನಿರುವುದಿಲ್ಲ. 1984 ರಲ್ಲಿ ಅಮೆರಿಕದ ಒಂದು ಅಧ್ಯಯನದಲ್ಲಿ ರೋಗಿ ಬಾಯಿ ತೆರೆದ ಸರಾಸರಿ 18 ಸೆಕೆಂಡಿಗೆ ವೈದ್ಯರು ನಡುವೆ ಬಾಯಿ ಹಾಕಿದ್ದರು. 1999 ರಲ್ಲಿ ಅಲ್ಲೇ ಮತ್ತೆ ಅಳೆದಾಗ ಅದು 23 ಸೆಕೆಂಡು. ತಡೆಯದೆ ಬಿಟ್ಟರೆ ರೋಗಿ ಎಷ್ಟು ಹೊತ್ತು ಮಾತಾಡಬಹುದು? ಸ್ವಿಟ್ಜರ್ಲೆಂಡಿನ ವೈದ್ಯರು ಇದನ್ನೂ ಅಳೆದು 2002 ರಲ್ಲಿ ಪ್ರಕಟಿಸಿದ್ದಾರೆ. 335 ರೋಗಿಗಳು ತಾವಾಗಿಯೇ ಮಾತು ನಿಲ್ಲಿಸಲು ತೆಗೆದುಕೊಂಡದ್ದು ಸರಾಸರಿ 92 ಸೆಕೆಂಡು. ನೂರಕ್ಕೆ 78 ಮಂದಿ ಎರಡು ನಿಮಿಷದೊಳಗೆ ಮುಗಿಸಿದ್ದರು. ಐದು ನಿಮಿಷ ದಾಟಿದವರು ಏಳೇ ಮಂದಿ, ಅವರು ಹೇಳಿದ್ದೂ ಅಗತ್ಯದ ವಿಷಯವೇ ಎಂದು ಅವರ ವೈದ್ಯರು ದಾಖಲಿಸಿದ್ದರು. ‘ಬಿಟ್ಟರೆ ಪುರಾಣ ಶುರು ಮಾಡ್ತಾರೆ’ ಎಂದು ನಮ್ಮ ಕೊಠಡಿಗಳಲ್ಲಿ ಹೇಳುವುದುಂಟು. ಎರಡು ನಿಮಿಷದಲ್ಲಿ ಮುಗಿಯುವ ಪುರಾಣಕ್ಕೆ ಇಷ್ಟು ಹೆದರಬೇಕಿಲ್ಲ.

ತಡೆದರೆ ಆಗುವ ನಷ್ಟಕ್ಕೆ ದಿನಾ ಕಣ್ಣಿಗೆ ಬೀಳುವ ಉದಾಹರಣೆ ‘ಗ್ಯಾಸ್ಟ್ರಿಕ್’. ಐವತ್ತು ದಾಟಿದ, ಶುಗರ್ ಇರುವ ವ್ಯಕ್ತಿಯೊಬ್ಬರು ಒಳಗೆ ಬಂದು, ‘ಗ್ಯಾಸ್ಟ್ರಿಕ್ ಆಗಿದೆ ಸಾರ್, ಒಂದು ಇಂಜೆಕ್ಷನ್ ಹಾಕ್ಸಿ’ ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ಅಲ್ಲಿಗೇ ಪೆನ್ನು ಚೀಟಿಯ ಮೇಲೆ ಓಡಿದರೆ ಅವರಿಗೆ ಸಿಗುವುದು ಆಮ್ಲ ತಗ್ಗಿಸುವ ಇಂಜೆಕ್ಷನ್. ಓಡದೆ ನಿಂತರೆ ಮುಂದಿನ ಮಾತು ಬರುತ್ತದೆ: ‘ನಿನ್ನೆ ಸಂಜೆ ಮೇವಿನ ಹೊರೆ ಹೊತ್ತು ಬರುವಾಗ ಶುರುವಾಯ್ತು. ಕಟ್ಟೆ ಮೇಲೆ ಕೂತೆ, ಕಡಿಮೆ ಆಯ್ತು. ಮೈಯೆಲ್ಲ ಬೆವರು. ದವಡೆ ಒಂಥರಾ ಸೆಳೀತಿತ್ತು.’ ಶ್ರಮಪಟ್ಟಾಗ ಬಂದು ಕೂತಾಗ ಇಳಿಯುವ, ಬೆವರು ತರಿಸುವ, ದವಡೆಗೋ ತೋಳಿಗೋ ಹರಡುವ ಸಂಕಟಕ್ಕೆ ಮೊದಲು ಬೇಕಾದದ್ದು ಇಸಿಜಿ, ಅದೂ ರೋಗಿ ಬಂದ ಹತ್ತು ನಿಮಿಷದೊಳಗೆ. ಮೊದಲ ಇಸಿಜಿ ಸರಿಯಿದ್ದರೂ ಸಂಕಟ ಮುಂದುವರಿದರೆ ಮತ್ತೆ ತೆಗೆಯಬೇಕು. ಶುಗರ್ ಇರುವವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಹೃದಯಾಘಾತವಾದರೂ ಎದೆನೋವು ಇಲ್ಲದಿರಬಹುದು. ಬರೀ ವಾಂತಿ, ಬೆವರು, ಎಂದೂ ಇಲ್ಲದ ಸುಸ್ತು ಇಷ್ಟೇ ಇರುತ್ತದೆ. ಅಂಥವರಲ್ಲಿ ‘ಎದೆನೋವಿದೆಯಾ?’ ಎಂದು ಕೇಳಿ ‘ಇಲ್ಲ’ ಎಂಬ ಉತ್ತರ ಪಡೆದು ಮನೆಗೆ ಕಳಿಸುವುದು ಪ್ರಾಣಕ್ಕೇ ಕುತ್ತು. ರೋಗಿ ತಾನೇ ಇಟ್ಟುಕೊಂಡು ಬಂದ ಹೆಸರನ್ನು ನಾವು ರೋಗನಿರ್ಣಯವೆಂದು ಒಪ್ಪಿಕೊಳ್ಳುವುದು ಮಾತು ತಡೆಯುವ ಇನ್ನೊಂದು ಬಗೆ. ‘ಗ್ಯಾಸ್ಟ್ರಿಕ್ ಅಂದ್ರೆ ನಿಮಗೆ ಏನಾಗುತ್ತೆ, ಎಲ್ಲಿ ಆಗುತ್ತೆ, ಕೈಯಿಟ್ಟು ತೋರಿಸಿ’ ಎಂದರೆ ಬಹಳಷ್ಟು ಬಿಚ್ಚಿಕೊಳ್ಳುತ್ತದೆ.

ಜ್ವರದ ಕತೆಯೂ ಹಾಗೆಯೇ. ಡಿಸೆಂಬರಿನಿಂದ ಮೇ ತನಕ ಮಲೆನಾಡಿನ ಆರೋಗ್ಯ ಕೇಂದ್ರಕ್ಕೆ ಜೋರು ಜ್ವರ, ತಲೆನೋವು, ಮೈಕೈ ನೋವು ಎಂದು ಬಂದವರ ಮಾತಿನಲ್ಲಿ ‘ದರಗು (ಒಣ ಎಲೆ) ತರೋಕೆ ಕಾಡಿಗೆ ಹೋಗಿದ್ದೆ’ ಎಂಬ ಒಂದು ವಾಕ್ಯ ಇದೆಯೋ ಇಲ್ಲವೋ ಎಂಬುದು ಮುಖ್ಯ. ಇದ್ದರೆ ಮಂಗನ ಕಾಯಿಲೆಯ ಅನುಮಾನ ಬರಬೇಕು. ಅದನ್ನು 1957 ರಲ್ಲಿ ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಹರಡುವುದು ಉಣುಗಿನಿಂದ. ಕರಾವಳಿಯಲ್ಲಿ ಮಳೆಗಾಲದ ಜ್ವರಕ್ಕೆ ಕೆಸರುಗದ್ದೆಯ ಕೆಲಸ, ಮೀನಖಂಡದಲ್ಲಿ ಮುಟ್ಟಿದರೆ ಆಗುವ ನೋವು, ಕೆಂಪಾದ ಕಣ್ಣು ಸೇರಿದರೆ ಇಲಿಜ್ವರದ ಅನುಮಾನ ಬರಬೇಕು. ಬೇಗ ಗುರುತಿಸಿದರೆ ಮಾಮೂಲಿ ಆಂಟಿಬಯಾಟಿಕ್‌ನಲ್ಲೇ ಗುಣವಾಗುವ ಕಾಯಿಲೆ ಅದು. ತಡವಾದರೆ ಕಿಡ್ನಿ, ಲಿವರ್‌ಗೆ ಹೋಗುತ್ತದೆ. ಬಯಲುಸೀಮೆಯಲ್ಲಿ ಹತ್ತಿ, ದ್ರಾಕ್ಷಿ, ಮೆಣಸಿನ ಬೆಳೆಗೆ ಔಷಧಿ ಹೊಡೆದು ಬಂದವರು ವಾಂತಿ, ಬೆವರು, ಬಾಯಲ್ಲಿ ಜೊಲ್ಲು ಎಂದರೆ ಅದು ಕೀಟನಾಶಕದ ವಿಷವಿರಬಹುದು. ಇವು ಯಾವುವೂ ರೋಗಿಯ ದೃಷ್ಟಿಯಲ್ಲಿ ರೋಗದ ಲಕ್ಷಣಗಳಲ್ಲ, ದಿನದ ಕೆಲಸ. ಹಾಗಾಗಿ ನೇರ ಪ್ರಶ್ನೆಗೆ ಉತ್ತರವಾಗಿ ಬರುವುದು ಕಡಿಮೆ, ತಾವಾಗಿ ಹೇಳುವ ಮಾತಿನ ನಡುವೆ ನುಸುಳಿ ಬರುತ್ತವೆ.

ಇನ್ನು ಮಾಡುವ ಬಗೆ. ರೋಗಿಗೆ ಸ್ಟೂಲ್, ವೈದ್ಯರಿಗೆ ಎತ್ತರದ ಕುರ್ಚಿ, ನಡುವೆ ದೊಡ್ಡ ಮೇಜು ಎಂಬ ಜೋಡಣೆ ಬದಲಾಗಬೇಕು. ಮೇಜಿನ ಮೂಲೆಯ ಒಂದು ಬದಿಗೆ ವೈದ್ಯರು, ಇನ್ನೊಂದು ಬದಿಗೆ ರೋಗಿ ಒಂದೇ ಎತ್ತರದಲ್ಲಿ ಕೂತರೆ ದನಿ ಏರಿಸುವ ಅಗತ್ಯ ಬೀಳುವುದಿಲ್ಲ, ಹೊರಗಿನ ಸಾಲಿಗೆ ಒಳಗಿನ ಮಾತು ಕೇಳುವುದೂ ಇಲ್ಲ. ವಾರ್ಡಿನಲ್ಲಿ ಮಂಚದ ಕಾಲ ಬಳಿ ನಿಂತು ಮಾತಾಡುವ ಬದಲು ಕೂತು ಮಾತಾಡಿದರೆ ರೋಗಿಗೆ ವೈದ್ಯರು ಹೆಚ್ಚು ಹೊತ್ತು ಇದ್ದರು ಎಂದು ಅನ್ನಿಸುತ್ತದೆ. ಅಮೆರಿಕದ ಕಾನ್ಸಾಸ್‌ನಲ್ಲಿ ಅಳೆದು 2012 ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೂತ ವೈದ್ಯರು ನಿಂತವರಿಗಿಂತ ಹೆಚ್ಚು ಹೊತ್ತು ಇರಲಿಲ್ಲ, ಆದರೂ ರೋಗಿಗಳಿಗೆ ಹಾಗನ್ನಿಸಿತ್ತು.

ಮೊದಲ ಪ್ರಶ್ನೆ ತೆರೆದದ್ದಾಗಿರಲಿ. ‘ಏನು, ಜ್ವರಾನಾ?’ ಎಂದರೆ ‘ಹೌದು’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ‘ಹೇಳಿ ಅಮ್ಮಾ, ಏನಾಗ್ತಿದೆ?’ ಎಂದು ಕೇಳಿ ಪೆನ್ನು ಕೆಳಗಿಡಿ, ಕೀಬೋರ್ಡಿನಿಂದ ಕೈ ತೆಗೆಯಿರಿ. ಬರೆದುಕೊಳ್ಳುವುದು ಆಮೇಲೆ. ‘ಹ್ಞೂಂ’, ‘ಆಮೇಲೆ?’ ಇಷ್ಟು ಸಾಕು, ಅದಕ್ಕಿಂತ ಉದ್ದದ ಮಾತು ಬೇಡ. ರೋಗಿ ನಡುವೆ ಸುಮ್ಮನಾದರೆ ಮೂರ‍್ನಾಲ್ಕು ಸೆಕೆಂಡು ಕಾಯಿರಿ. ನಾಚಿಕೆಯ ಅಥವಾ ಭಯದ ವಿಷಯ ಬಾಯಿಗೆ ಬರುವ ಮುನ್ನ ಹೀಗೆ ತಡೆದು ನಿಲ್ಲುವುದು ಸಹಜ. ಆ ತೆರವನ್ನು ನಾವು ಪ್ರಶ್ನೆಯಿಂದ ತುಂಬಿದರೆ ಆ ವಿಷಯ ಒಳಗೇ ಉಳಿಯುತ್ತದೆ.

ಮಾತು ಮುಗಿದಂತೆ ಕಂಡಾಗ ಇನ್ನೇನಿದೆ ಎಂದು ಕೇಳಲೇಬೇಕು. ಕೇಳುವ ಧಾಟಿ ಇಲ್ಲಿ ಮುಖ್ಯ. ‘ಬೇರೆ ಏನೂ ಇಲ್ಲ ತಾನೇ?’ ಎಂದರೆ ‘ಇಲ್ಲ ಸಾರ್’ ಎಂಬ ಉತ್ತರವನ್ನು ನಾವೇ ರೋಗಿಯ ಬಾಯಿಗೆ ಹಾಕಿದಂತಾಯಿತು. ‘ಇನ್ನೂ ಏನೋ ಹೇಳಬೇಕು ಅಂತ ಬಂದಿದ್ರಾ? ಹೇಳಿ’ ಎಂದರೆ ಉಳಿದದ್ದು ಹೊರಬರುತ್ತದೆ. ಇದನ್ನು ಆರಂಭದಲ್ಲೇ ಕೇಳಬೇಕು. ಇಲ್ಲದಿದ್ದರೆ ಚೀಟಿ ಹಿಡಿದು ಎದ್ದು, ಬಾಗಿಲ ತನಕ ಹೋಗಿ, ತಿರುಗಿ ‘ಒಂದು ಮಾತು ಡಾಕ್ಟ್ರೇ, ಕಕ್ಕಸಲ್ಲಿ ರಕ್ತ ಹೋಗ್ತಿದೆ’ ಎನ್ನುತ್ತಾರೆ. ಅವರು ಬಂದದ್ದೇ ಆ ಮಾತಿಗಾಗಿ. ಅಷ್ಟರಲ್ಲಿ ಮುಂದಿನ ಟೋಕನ್‌ನವರು ಒಳಗೆ ಬಂದು ನಿಂತಿರುತ್ತಾರೆ.

ಆಮೇಲೆ ಕೇಳಿಸಿಕೊಂಡದ್ದನ್ನು ಎರಡು ವಾಕ್ಯದಲ್ಲಿ ಮರಳಿ ಹೇಳಬೇಕು: ‘ಅಂದ್ರೆ ಮೂರು ವಾರದಿಂದ ಕೆಮ್ಮು, ರಾತ್ರಿ ಬೆವರು, ಊಟ ಸೇರ್ತಿಲ್ಲ, ತೂಕ ಇಳಿದಿದೆ. ಸರೀನಾ?’ ಮೊದಲು ‘ಸ್ವಲ್ಪ ಕೆಮ್ಮು’ ಎಂದಿದ್ದವರು ಇಲ್ಲಿ ತಿದ್ದುತ್ತಾರೆ, ‘ಮೂರಲ್ಲ, ಹಬ್ಬದಿಂದ ಇದೆ’ ಎನ್ನುತ್ತಾರೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಕಡ್ಡಾಯ. ಆ ‘ಸ್ವಲ್ಪ’ವನ್ನು ಹಾಗೇ ಬಿಟ್ಟು ಸಿರಪ್ ಕೊಟ್ಟು ಕಳಿಸಿದರೆ ಮನೆಯಲ್ಲಿರುವ ಮಕ್ಕಳಿಗೂ ಕ್ಷಯ ಹರಡಲು ದಾರಿಯಾಗುತ್ತದೆ.

ಹೌದು-ಇಲ್ಲ ಎಂಬ ಪ್ರಶ್ನೆಗಳ ಸರದಿ ಇಷ್ಟಾದ ಮೇಲೆ. ಆಗ ಅವು ಚೂಪಾಗಿರುತ್ತವೆ. ‘ತಲೆ ತಿರುಗುತ್ತೆ’ ಎಂದವರಿಗೆ ‘ಮನೆ ಗಿರ‍್ರನೆ ಸುತ್ತಿದ ಹಾಗಾ, ಕಣ್ಣಿಗೆ ಕತ್ತಲೆ ಬಂದ ಹಾಗಾ, ನಡೆಯುವಾಗ ತೂರಾಡಿದ ಹಾಗಾ?’ ಎಂದು ಕೇಳಬೇಕು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕ್ಷಣಹೊತ್ತು ಸುತ್ತಿದರೆ ತೊಂದರೆ ಬಹುಪಾಲು ಒಳಕಿವಿಯದು. ಎದ್ದು ನಿಂತಾಗ ಕತ್ತಲೆ ಬಂದರೆ ಬಿಪಿ ಮಾತ್ರೆ ಹೆಚ್ಚಾಗಿರಬಹುದು, ರಕ್ತ ಕಡಿಮೆಯಿರಬಹುದು. ಒಮ್ಮೆಲೇ ತೂರಾಟ ಶುರುವಾಗಿ ಮಾತು ತೊದಲಿದರೆ ಪಾರ್ಶ್ವವಾಯುವಿನ ಅನುಮಾನದಿಂದ ತಕ್ಷಣ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಮೂವರಿಗೂ ಒಂದೇ ಮಾತ್ರೆ ಬರೆಯುವ ರೂಢಿ ಎಷ್ಟು ಅಪಾಯಕಾರಿ ಎಂಬುದು ಇದರಿಂದಲೇ ತಿಳಿಯುತ್ತದೆ.

ಮೂರು ವಿಷಯಗಳನ್ನು ರೋಗಿಯ ಬಾಯಿಂದಲೇ ತಿಳಿಯಬೇಕು: ಇದು ಯಾಕೆ ಬಂದಿದೆ ಎಂದು ಅವರಿಗೆ ಅನ್ನಿಸುತ್ತದೆ, ಯಾವುದರ ಭಯವಿದೆ, ನಮ್ಮಿಂದ ಏನಾಗಬೇಕು ಎಂದು ಬಂದಿದ್ದಾರೆ. ತಲೆನೋವೆಂದು ಬಂದವರ ಭಯ ಮೆದುಳಿನ ಗಡ್ಡೆಯದ್ದಾಗಿದ್ದರೆ ಬರೀ ಮಾತ್ರೆ ಕೊಟ್ಟು ಕಳಿಸಿದರೂ ಸಮಾಧಾನವಾಗದೆ ಇನ್ನೊಂದು ಆಸ್ಪತ್ರೆಗೆ ಹೋಗಿ ಸಾಲ ಮಾಡಿ ಸ್ಕ್ಯಾನ್ ಮಾಡಿಸುತ್ತಾರೆ. ಇನ್ಸುಲಿನ್ ಬೇಡ ಎನ್ನುವವರ ಮನಸ್ಸಿನಲ್ಲಿ ‘ಅದನ್ನು ಶುರು ಮಾಡಿದ ಮೇಲೇ ಪಕ್ಕದ ಮನೆಯವರ ಕಾಲು ಕತ್ತರಿಸಿದ್ದು’ ಎಂಬ ನಂಬಿಕೆ ಇರಬಹುದು. ಅದನ್ನು ಕೇಳದೆ ಎಷ್ಟು ಸಲ ಬೈದರೂ ಸೂಜಿ ಚುಚ್ಚಿಕೊಳ್ಳುವುದಿಲ್ಲ. ಕೇಳಿದರೆ, ಕಾಲು ಹೋದದ್ದು ಇನ್ಸುಲಿನ್‌ನಿಂದಲ್ಲ, ಅದನ್ನು ತಡವಾಗಿ ಶುರು ಮಾಡಿದ್ದರಿಂದ ಇರಬಹುದು ಎಂದು ಹೇಳಲಾದರೂ ಜಾಗ ಸಿಗುತ್ತದೆ.

ಕೊನೆಯಲ್ಲಿ ಕೇಳಿಸಿಕೊಳ್ಳುವ ಸರದಿ ಮತ್ತೊಮ್ಮೆ ಬರುತ್ತದೆ. ‘ಅರ್ಥ ಆಯ್ತಾ?’ ಎಂದರೆ ನಮ್ಮ ಜನ ಮರ್ಯಾದೆಗೆ ‘ಆಯ್ತು’ ಎನ್ನುತ್ತಾರೆ. ‘ಮನೆಗೆ ಹೋದ ಮೇಲೆ ಯಾವ ಮಾತ್ರೆ ಯಾವಾಗ ತಗೋತೀರಿ, ಒಮ್ಮೆ ಹೇಳಿ, ನಾನು ಸರಿಯಾಗಿ ಹೇಳಿದ್ದೀನಾ ನೋಡೋಣ’ ಎನ್ನಬೇಕು. ಪರೀಕ್ಷೆ ನಮ್ಮ ವಿವರಣೆಗೆ ಎಂದಾಗ ಅವರಿಗೆ ಸಂಕೋಚವಾಗುವುದಿಲ್ಲ. ಚೀಟಿಯ 1-0-1 (ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು) ಎಂಬುದನ್ನು ‘ಒಂದು ದಿನ ಬಿಟ್ಟು ಒಂದು ದಿನ’ ಎಂದುಕೊಂಡವರು ಸಿಕ್ಕಿಬೀಳುವುದು ಇಲ್ಲೇ. ‘ಊಟಕ್ಕೆ ಮುಂಚೆ’ ಎಂಬ ಶುಗರ್ ಮಾತ್ರೆ ನುಂಗಿ ಊಟ ಮಾಡದೆ ಹೊಲಕ್ಕೆ ಹೋಗುವವರೂ ಇಲ್ಲೇ ಗೊತ್ತಾಗುತ್ತಾರೆ.

ಜೊತೆಗೆ ಬಂದವರ ವಿಷಯ ಸೂಕ್ಷ್ಮವಾದದ್ದು. ಅಜ್ಜಿಯನ್ನು ಕೇಳಿದರೆ ಮಗ ಉತ್ತರಿಸುತ್ತಾನೆ, ಸೊಸೆಯನ್ನು ಕೇಳಿದರೆ ಅತ್ತೆ ಹೇಳುತ್ತಾರೆ. ಅವರ ಮಾತೂ ಬೇಕು, ಏಕೆಂದರೆ ಮರೆವು, ಫಿಟ್ಸ್, ಕುಡಿತದಂಥ ವಿಷಯ ಮನೆಯವರಿಗೇ ಚೆನ್ನಾಗಿ ಗೊತ್ತು. ಆದರೆ ಮೊದಲ ಸರದಿ ರೋಗಿಯದು. ‘ಮೊದಲು ಅಜ್ಜಿ ಹೇಳಲಿ, ಆಮೇಲೆ ನಿಮ್ಮನ್ನ ಕೇಳ್ತೀನಿ’ ಎಂದರೆ ಯಾರಿಗೂ ಬೇಸರವಾಗುವುದಿಲ್ಲ. ಬಿಳಿ ಸೆರಗು, ಮುಟ್ಟಿನ ತೊಂದರೆ, ಮನೆಯಲ್ಲಿ ಹೊಡೆತ, ಗರ್ಭಪಾತದ ವಿಷಯಗಳು ಅತ್ತೆ-ಗಂಡನ ಎದುರು ಹೊರಬರುವುದೇ ಇಲ್ಲ. ‘ಪರೀಕ್ಷೆ ಮಾಡಬೇಕು, ಸ್ವಲ್ಪ ಹೊರಗಿರಿ’ ಎಂದು ಪರದೆ ಎಳೆದು, ಸಿಸ್ಟರ್ ಒಬ್ಬರ ಸಮ್ಮುಖದಲ್ಲಿ ಕೇಳುವುದು ಸುಲಭದ ದಾರಿ.

ಭಾಷೆಯ ಗೋಡೆಯೂ ಇದೆ. ಲಂಬಾಣಿ ತಾಂಡಾ, ತುಳು-ಬ್ಯಾರಿ ಮಾತಾಡುವ ಕರಾವಳಿ, ಹಿಂದಿ-ಒಡಿಯಾ-ಬಂಗಾಳಿಯ ಕಟ್ಟಡ ಕಾರ್ಮಿಕರಿರುವ ಬೆಂಗಳೂರು, ಎಲ್ಲ ಕಡೆಯೂ ನಡುವೆ ನಿಂತು ಮಾತು ದಾಟಿಸುವವರು ಬೇಕಾಗುತ್ತದೆ. ರೋಗಿ ಒಂದು ನಿಮಿಷ ಹೇಳಿದ್ದನ್ನು ಅವರು ‘ಹೊಟ್ಟೆನೋವಂತೆ’ ಎಂದು ಮುಗಿಸಿಬಿಡುತ್ತಾರೆ. ಒಂದೊಂದು ವಾಕ್ಯಕ್ಕೆ ನಿಲ್ಲಿಸಿ, ಹೇಳಿದ್ದನ್ನು ಹಾಗೇ ಹೇಳಲು ಮೊದಲೇ ತಿಳಿಸಬೇಕು. ಕಣ್ಣು ರೋಗಿಯ ಮೇಲಿರಬೇಕು. ತಾಯಿಯ ಮುಟ್ಟಿನ ವಿಷಯವನ್ನು ಹತ್ತು ವರ್ಷದ ಮಗನ ಬಾಯಿಂದ ಹೇಳಿಸುವುದು ಎಂದಿಗೂ ಕೂಡದು.

ಕಿವಿ ಮಂದವಾದ ಹಿರಿಯರ ಎದುರು ನಾವು ಕಿರುಚುತ್ತೇವೆ. ವಯಸ್ಸಿನಲ್ಲಿ ಮೊದಲು ಹೋಗುವುದು ಎತ್ತರದ ಸ್ಥಾಯಿಯ ಸದ್ದು. ಸ, ಶ, ತ, ಫ ಇಂಥ ಅಕ್ಷರಗಳು ಅವರಿಗೆ ಕೇಳುವುದಿಲ್ಲ. ಕಿರುಚಿದರೆ ಸ್ವರಗಳು ಜೋರಾಗುತ್ತವೆಯೇ ಹೊರತು ವ್ಯಂಜನಗಳು ಬಿಡಿಸಿ ಕೇಳುವುದಿಲ್ಲ. ಒಂದು ಮೀಟರಿನೊಳಗೆ ಎದುರು ಕೂತು, ನಮ್ಮ ಮುಖಕ್ಕೆ ಬೆಳಕು ಬೀಳುವಂತೆ, ತಗ್ಗಿದ ಸ್ಥಾಯಿಯ ದನಿಯಲ್ಲಿ ನಿಧಾನವಾಗಿ ಹೇಳಬೇಕು. ಕಿವಿಯಲ್ಲಿ ಗುಗ್ಗೆ ಕಟ್ಟಿದೆಯಾ ನೋಡಬೇಕು. ಯಾವುದೂ ಆಗದಿದ್ದರೆ ಸ್ಟೆತಸ್ಕೋಪನ್ನು ಅವರ ಕಿವಿಗೆ ಹಾಕಿ, ಎದೆಗೆ ಇಡುವ ಬಿಲ್ಲೆಯ ಬಳಿ ಮೆಲ್ಲಗೆ ಮಾತಾಡಿದರೆ ಸ್ಪಷ್ಟವಾಗಿ ಕೇಳುತ್ತದೆ.

ಕೇಳಿಸಿಕೊಳ್ಳುವುದು ರೋಗಿ ಮತ್ತು ವೈದ್ಯರ ನಡುವಿನದಷ್ಟೇ ಅಲ್ಲ. ನಮ್ಮೊಳಗೂ ಅದು ಕೊರತೆಯೇ. ಆಶಾ ಕಾರ್ಯಕರ್ತೆಯರು ಹೆರಿಗೆಯಾದ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗುತ್ತಾರೆ. ‘ಮಗು ಹಾಲು ಎಳೀತಿಲ್ಲ, ಮೈ ತಣ್ಣಗಿದೆ’ ಎಂದು ಅವರು ಫೋನ್ ಮಾಡಿದರೆ ಅದು ಅಪಾಯದ ಸೂಚನೆ. ‘ನಾಳೆ ನೋಡೋಣ’ ಎನ್ನುವಂತಿಲ್ಲ. ಏಳು ತಿಂಗಳ ಬಸುರಿಗೆ ತಲೆನೋವು, ಕಣ್ಣು ಮಂಜು, ಎದೆಗುಳಿಯ ಕೆಳಗೆ ನೋವು ಎಂದು ಅವರು ಹೇಳಿದರೆ ಆ ಕ್ಷಣವೇ ಬಿಪಿ ನೋಡಿಸಬೇಕು. 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಬಸುರಿನ ನಂಜಿನ ಲಕ್ಷಣವಿರಬಹುದು, ಫಿಟ್ಸ್ ಬರುವ ತನಕ ಕಾಯಬಾರದು. ರಾತ್ರಿ ಪಾಳಿಯ ಸಿಸ್ಟರ್ ‘ಆರು ನಂಬರ್ ಹಾಸಿಗೆಯವರು ಯಾಕೋ ಸರಿ ಕಾಣ್ತಿಲ್ಲ ಸಾರ್’ ಎಂದಾಗ, ನಾಡಿ-ಬಿಪಿಯ ಅಂಕಿ ಸರಿಯಿದ್ದರೂ ಎದ್ದು ಹೋಗಿ ನೋಡಬೇಕು. ಅಂಕಿ ಕೆಡುವ ಮುನ್ನವೇ ಪಕ್ಕದಲ್ಲಿರುವವರ ಕಣ್ಣಿಗೆ ಬದಲಾವಣೆ ಕಾಣುತ್ತದೆ. ಫೋನಿನಲ್ಲಿ ಔಷಧಿಯ ಪ್ರಮಾಣ ಹೇಳುವಾಗ ಫಿಫ್ಟೀನ್, ಫಿಫ್ಟಿ ಒಂದರಂತೆ ಇನ್ನೊಂದು ಕೇಳುತ್ತದೆ. ‘ಒನ್ ಫೈವ್’, ‘ಫೈವ್ ಜೀರೋ’ ಎಂದು ಬಿಡಿ ಅಂಕಿಗಳಲ್ಲಿ ಹೇಳಬೇಕು. ಕೇಳಿದವರು ಬರೆದುಕೊಂಡು, ಓದಿ ಹೇಳಬೇಕು. ಹೇಳಿದವರು ‘ಸರಿ’ ಎನ್ನುವ ತನಕ ಔಷಧಿ ಸಿರಿಂಜಿಗೆ ಹೋಗಬಾರದು.

‘ನೂರು ಟೋಕನ್ ಇಟ್ಟುಕೊಂಡು ಇದೆಲ್ಲ ಆಗುವ ಮಾತಾ?’ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ನಾಲ್ಕು ಗಂಟೆಯಲ್ಲಿ ನೂರು ಮಂದಿ ಎಂದರೆ ತಲಾ 2.4 ನಿಮಿಷ. 67 ದೇಶಗಳ ಅಂಕಿಅಂಶ ಒಟ್ಟುಗೂಡಿಸಿ 2017 ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಭಾರತದ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸುಮಾರು 2 ನಿಮಿಷ ಎಂದಿತ್ತು. ಸ್ವೀಡನ್ನಿನಲ್ಲಿ ಅದು 22 ನಿಮಿಷದ ಮೇಲೆ. ವೈದ್ಯರ ಸಂಖ್ಯೆ ಹೆಚ್ಚದೆ ಇದು ಪೂರ್ತಿ ಸರಿಹೋಗುವುದಿಲ್ಲ, ಅದನ್ನು ಸರ್ಕಾರ ಮಾಡಲೇಬೇಕು. ಆದರೆ ಆ ನೂರು ಮಂದಿಯಲ್ಲಿ ದೊಡ್ಡ ಪಾಲು ಬಿಪಿ-ಶುಗರ್ ಮಾತ್ರೆ ಮುಗಿದು ಮತ್ತೆ ಬರೆಸಿಕೊಳ್ಳಲು ಬಂದವರು, ಡ್ರೆಸ್ಸಿಂಗ್‌ಗೆ ಬಂದವರು, ಪ್ರಮಾಣಪತ್ರಕ್ಕೆ ಬಂದವರು. ಮಾತ್ರೆಯವರಿಗೆ ವಾರದಲ್ಲಿ ಎರಡು ಮಧ್ಯಾಹ್ನ ಬೇರೆ ಸಾಲು, ಪ್ರಮಾಣಪತ್ರಕ್ಕೆ ಬೇರೆ ಹೊತ್ತು ಗೊತ್ತುಮಾಡಿದರೆ ಬೆಳಗಿನ ಸಾಲು ತಾನಾಗಿ ಕರಗುತ್ತದೆ. ಚೀಟಿ ಬರೆಯುವ ಕಿಟಕಿಯ ಪಕ್ಕ ಒಬ್ಬ ಸಿಸ್ಟರ್ ಬಿಪಿ, ಜ್ವರ, ತೂಕ ನೋಡಿ, ಎಷ್ಟು ದಿನದಿಂದ ತೊಂದರೆ, ಯಾವ ಮಾತ್ರೆ ನಡೆಯುತ್ತಿದೆ, ಯಾವ ಔಷಧಿ ಒಗ್ಗುವುದಿಲ್ಲ ಎಂಬುದನ್ನು ಚೀಟಿಯ ಮೇಲೆ ಬರೆದರೆ ಒಳಗಿನ ಸಮಯ ಮಾತಿಗೆ ಉಳಿಯುತ್ತದೆ. ಎದೆಯ ಸಂಕಟ, ಉಸಿರಾಟದ ತೊಂದರೆ ಎಂದವರನ್ನು ಸಾಲು ಬಿಡಿಸಿ ಒಳಗೆ ಕಳಿಸುವುದೂ ಆಗ ಸಾಧ್ಯ. ಅರ್ಧ ಕೇಳಿ ಕಳಿಸಿದ ರೋಗಿ ಮೂರು ದಿನಕ್ಕೆ ಮತ್ತೆ ಅದೇ ಸಾಲಿನಲ್ಲಿ ನಿಲ್ಲುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಕೇಳಿಸಿಕೊಂಡರೆ ಜಗಳ ಕಡಿಮೆಯಾಗುತ್ತದೆ ಎಂಬುದಕ್ಕೂ ಆಧಾರವಿದೆ. 1997 ರ ಅಮೆರಿಕದ ಅಧ್ಯಯನವೊಂದರಲ್ಲಿ ಯಾರೂ ಮೊಕದ್ದಮೆ ಹೂಡದ ಕುಟುಂಬ ವೈದ್ಯರು ಒಬ್ಬ ರೋಗಿಗೆ ಸರಾಸರಿ 18.3 ನಿಮಿಷ ಕೊಡುತ್ತಿದ್ದರು, ಮೊಕದ್ದಮೆ ಎದುರಿಸಿದವರು 15 ನಿಮಿಷ. ಮೊದಲಿನವರಲ್ಲಿ ರೋಗಿಯ ಅಭಿಪ್ರಾಯ ಕೇಳುವುದು, ಅರ್ಥವಾಯಿತೇ ಎಂದು ನೋಡುವುದು ಹೆಚ್ಚಿತ್ತು. (ಶಸ್ತ್ರಚಿಕಿತ್ಸಕರಲ್ಲಿ ಈ ವ್ಯತ್ಯಾಸ ಕಂಡಿರಲಿಲ್ಲ ಎಂಬುದನ್ನೂ ಹೇಳಬೇಕು.) ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009 ರಿಂದ ಕಾಯ್ದೆಯಿದೆ, ಅದು ಬೇಕು, ಬಿಗಿಯಾಗಿಯೇ ಜಾರಿಯಾಗಬೇಕು. ಹಲ್ಲೆಗೆ ಯಾವ ಸಮರ್ಥನೆಯೂ ಇಲ್ಲ. ಆದರೆ ತುರ್ತು ವಿಭಾಗದ ಹೊರಗೆ ನಿಂತ ಮನೆಯವರಿಗೆ ಅರ್ಧ ಗಂಟೆಗೊಮ್ಮೆ ಒಬ್ಬರು ಬಂದು, ಅವರ ಮಾತು ಕೇಳಿ, ಒಳಗೆ ಏನು ನಡೆಯುತ್ತಿದೆ ಎಂದು ಹೇಳುವ ಏರ್ಪಾಡು ಎಷ್ಟು ಆಸ್ಪತ್ರೆಗಳಲ್ಲಿದೆ?

ಮನಸ್ಸಿನ ನೋವಿನ ಬಗ್ಗೆ ಒಂದು ಮಾತು. ಮೈಕೈ ನೋವು, ನಿದ್ದೆ ಇಲ್ಲ, ಯಾವುದರಲ್ಲೂ ಆಸಕ್ತಿಯಿಲ್ಲ ಎಂದು ಪದೇ ಪದೇ ಬರುವವರನ್ನು ‘ಜೀವ ಬೇಡ ಅನ್ನಿಸುತ್ತಾ?’ ಎಂದು ನೇರವಾಗಿ ಕೇಳಲು ನಮ್ಮಲ್ಲಿ ಅನೇಕರಿಗೆ ಹೆದರಿಕೆ. ಕೇಳಿದರೆ ಆ ಯೋಚನೆಯನ್ನು ನಾವೇ ಹುಟ್ಟಿಸಿದಂತಾಗುವುದಿಲ್ಲ. ಹೇಳಿಕೊಳ್ಳಲು ಅವರಿಗೆ ಬಾಗಿಲು ತೆರೆದಂತಾಗುತ್ತದೆ. ಉತ್ತರ ಬಂದಾಗ ‘ಅಯ್ಯೋ, ಹಾಗೆಲ್ಲ ಅನ್ನಬಾರದು, ಮಕ್ಕಳ ಮುಖ ನೋಡಿ’ ಎಂದು ಬುದ್ಧಿ ಹೇಳಿದರೆ ಬಾಗಿಲು ಮತ್ತೆ ಮುಚ್ಚುತ್ತದೆ. ‘ಯಾವಾಗಿಂದ ಹೀಗೆ? ಏನಾದರೂ ಮಾಡಿಕೊಳ್ಳಬೇಕು ಅಂತ ಯೋಚಿಸಿದ್ದೀರಾ? ಮನೆಯಲ್ಲಿ ಕೀಟನಾಶಕ ಇದೆಯಾ?’ ಎಂದು ಶಾಂತವಾಗಿ ಕೇಳುತ್ತಾ ಹೋಗಬೇಕು. ಅಂಥವರನ್ನು ಒಬ್ಬರನ್ನೇ ಮನೆಗೆ ಕಳಿಸಬಾರದು. ಕೀಟನಾಶಕದ ಡಬ್ಬಿ ಆ ಮನೆಯಿಂದ ಹೊರಗೆ ಹೋಗಬೇಕು. 2022 ರ ಅಕ್ಟೋಬರ್ 10 ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು, ಕರೆಗೆ ದುಡ್ಡಿಲ್ಲ. ಪ್ರತಿ ಒಪಿಡಿಯ ಗೋಡೆಯ ಮೇಲೆ ಆ ಸಂಖ್ಯೆ ದೊಡ್ಡದಾಗಿ ಇರಬೇಕು.

2019 ರಿಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ನಡವಳಿಕೆ, ನೀತಿ, ಸಂವಹನ ಕುರಿತ ಪಾಠಗಳನ್ನು ಕಡ್ಡಾಯ ಮಾಡಿದ್ದಾರೆ. ಒಳ್ಳೆಯದೇ. ಆದರೆ ಆ ಪಾಠ ಇಂಗ್ಲಿಷಿನಲ್ಲಿ ನಡೆದು, ರೋಗಿಯ ಮಾತು ಹಾವೇರಿಯದೋ ಚಾಮರಾಜನಗರದ್ದೋ ಕನ್ನಡದಲ್ಲಿದ್ದರೆ ಕಲಿತದ್ದು ಕೈಗೆ ಬರುವುದಿಲ್ಲ. ಇಂಟರ್ನ್‌ಶಿಪ್ಪಿನ ವರ್ಷದಲ್ಲಿ ಹಿರಿಯರೊಬ್ಬರು ಪಕ್ಕದಲ್ಲಿ ಕೂತು, ಕಿರಿಯ ವೈದ್ಯರು ಎಷ್ಟನೇ ಸೆಕೆಂಡಿಗೆ ರೋಗಿಯನ್ನು ತಡೆದರು ಎಂದು ಗಡಿಯಾರ ನೋಡಿ ಬರೆದು ತೋರಿಸಿದರೆ ಸಾಕು, ಬದಲಾವಣೆ ಶುರುವಾಗುತ್ತದೆ. ರೋಗಿಯ ಒಪ್ಪಿಗೆ ಪಡೆದು ಇದನ್ನು ಮಾಡಬೇಕು.

ಓದುಗರಿಗೂ ಒಂದು ವಿನಂತಿ. ಆಸ್ಪತ್ರೆಗೆ ಬರುವಾಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಂದು ಚೀಲದಲ್ಲಿ ಹಾಕಿ ತನ್ನಿ. ನಾಟಿ ಔಷಧಿ, ಮೆಡಿಕಲ್ ಶಾಪಿನಿಂದ ಕೇಳಿ ತಂದ ನೋವಿನ ಮಾತ್ರೆ ಎಲ್ಲವೂ ಇರಲಿ, ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ದಿನಾ ನೋವಿನ ಮಾತ್ರೆ ನುಂಗುವವರಿಗೆ ಟಾರಿನಂತೆ ಕಪ್ಪಗೆ ಮಲ ಹೋಗುತ್ತಿದ್ದರೆ ಅದು ಹೊಟ್ಟೆಯೊಳಗಿನ ರಕ್ತಸ್ರಾವವಿರಬಹುದು, ಆ ದಿನವೇ ಬರಬೇಕು. ಹಳೆಯ ಇಸಿಜಿ ಇದ್ದರೆ ಜೊತೆಗಿರಲಿ, ಹೊಸದರ ಪಕ್ಕ ಇಟ್ಟು ನೋಡಲು ಅದರಷ್ಟು ಉಪಯೋಗದ್ದು ಬೇರೆ ಇಲ್ಲ. ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ತನ್ನಿ, ಹೆಚ್ಚು ಭಯವಿರುವುದನ್ನು ಮೊದಲು ಹೇಳಿ. ನಾವು ನಡುವೆ ತಡೆದರೆ ‘ಒಂದು ನಿಮಿಷ ಡಾಕ್ಟ್ರೇ, ಇನ್ನೊಂದು ವಿಷಯ ಉಳಿದಿದೆ’ ಎನ್ನಲು ಸಂಕೋಚ ಬೇಡ.

ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ ನಮ್ಮ ಕೋರಿಕೆ ಮೂರು: ಮಾತ್ರೆಯ ಸಾಲನ್ನು ಬೆಳಗಿನ ಒಪಿಡಿಯಿಂದ ಬೇರ್ಪಡಿಸುವ ಆದೇಶ, ಪ್ರತಿ ತಪಾಸಣಾ ಕೊಠಡಿಗೆ ಒಂದು ಪರದೆ ಮತ್ತು ಬೆನ್ನಿರುವ ಒಂದು ಕುರ್ಚಿ, ಚೀಟಿ ಕಿಟಕಿಯ ಬಳಿ ಬೆಳಗಿನ ಹೊತ್ತು ಒಬ್ಬ ಸ್ಟಾಫ್ ನರ್ಸ್. ಮೊದಲಿನ ಎರಡಕ್ಕೆ ಹೊಸ ಹುದ್ದೆ ಬೇಕಿಲ್ಲ, ಈ ತಿಂಗಳಿನಿಂದಲೇ ಶುರು ಮಾಡಬಹುದು.

ಇತಿ,
ತಾಲ್ಲೂಕು ಆಸ್ಪತ್ರೆ ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೆಲಸ ಮಾಡುವ ಕೆಲವು ವೈದ್ಯರು ಮತ್ತು ಶುಶ್ರೂಷಾ ಸಿಬ್ಬಂದಿ